ಮಡಿಯಲ್ಲಿದ್ದ ಗಾಜಿನ ಕೋಲು

ಚಟ್!

ಅಷ್ಟೇ ಸದ್ದು. ಒಣಗಿದ ಕಡ್ಡಿ ಮುರಿದ ಹಾಗೆ. ಈ ವಯಸ್ಸಿನಲ್ಲಿ ಕಿವಿ ಮಂದವಾಗಿದೆ, ಮೊಮ್ಮಗಳು ಎರಡೆರಡು ಸಲ ಕೂಗಬೇಕು. ಆದರೆ ಆ ಚಟ್ ಮಾತ್ರ ಈಗಲೂ ನಿಚ್ಚಳವಾಗಿ ಕೇಳುತ್ತದೆ. ಯಾಕೆಂದರೆ ಅದು ನನ್ನ ಟೇಬಲ್ಲಿನಿಂದ ಬಂದದ್ದಲ್ಲ, ಪಕ್ಕದ ಟೇಬಲ್ಲಿನಿಂದ ಬಂದದ್ದು.

ನನ್ನ ಟೇಬಲ್ಲಿನ ಮೇಲೆ ವಿಲಾಯತಿಯಿಂದ ತರಿಸಿದ ಯಂತ್ರವಿತ್ತು. ಹಿಡಿ ತಿರುಗಿಸಿದರೆ ಎರಡು ದೊಡ್ಡ ಗಾಜಿನ ತಟ್ಟೆಗಳು ಎದುರುಬದುರು ಸುತ್ತಿ, ಹಿತ್ತಾಳೆಯ ಎರಡು ಗುಂಡುಗಳ ನಡುವೆ ನೀಲಿ ಕಿಡಿ ಹಾರಬೇಕು. ಜುಲೈ ತಿಂಗಳ ಆ ಬೆಳಿಗ್ಗೆ ನಾನು ತೋಳು ನೋಯುವವರೆಗೆ ತಿರುಗಿಸಿದೆ. ಕಿರ್ರ್ ಕಿರ್ರ್ ಎಂದಿತೇ ಹೊರತು ಒಂದು ಕಿಡಿಯೂ ಇಲ್ಲ. ಪಕ್ಕದ ಟೇಬಲ್ಲಿನವಳ ಹತ್ತಿರ ಇದ್ದದ್ದು ಎಬನೈಟ್ ಎಂಬ ಗಟ್ಟಿ ರಬ್ಬರಿನ ಒಂದು ಹಳೆಯ ಕಪ್ಪು ಬಿಲ್ಲೆ ಮತ್ತು ಗಾಜಿನ ಹಿಡಿಯ ಹಿತ್ತಾಳೆ ಮುಚ್ಚಳ. ಬಿಲ್ಲೆಯನ್ನು ಬಟ್ಟೆಯಿಂದ ತಿಕ್ಕಿ, ಮುಚ್ಚಳವನ್ನು ಅದರ ಮೇಲಿಟ್ಟು, ಒಂದು ಸಲ ಬೆರಳು ಮುಟ್ಟಿಸಿ, ಹಿಡಿಯಿಂದ ಮೇಲೆತ್ತಿ, ತನ್ನ ಬೆರಳಗಂಟಿನ ಹತ್ತಿರ ತಂದಳು. ಚಟ್!

"ಅಯ್ಯೋ, ಕಚ್ಚಿತು ಮಾರಾಯ್ತಿ!" ಎಂದು ನಕ್ಕಳು.

ನಾನು ನಗಲಿಲ್ಲ.

ಭಾಷಾವಾರು ಪ್ರಾಂತ್ಯಗಳ ಗಲಾಟೆ ಬೊಂಬಾಯಿಯ ಬೀದಿಗೆ ಇಳಿಯುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಮಾಹಿಮ್ ಕೊಲ್ಲಿಯ ಉಪ್ಪುಗಾಳಿ ನೇರವಾಗಿ ಕಿಟಕಿಗೆ ಬಡಿಯುವ ಒಂದು ಹೊಸ ಕಾಲೇಜಿನಲ್ಲಿ ನಾವಿಬ್ಬರೂ ಫಿಸಿಕ್ಸ್ ಡೆಮಾನ್‌ಸ್ಟ್ರೇಟರುಗಳು, ಟೆಂಪರರಿ. ನಾನು ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು ಬರುತ್ತಿದ್ದೆ. ಅವಳು ಮಾಟುಂಗದಿಂದ ನಡೆದೇ ಬರುತ್ತಿದ್ದಳು. ಅವಳ ತಂದೆ ಅಲ್ಲಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಮೆಟ್ರಿಕ್‌ವರೆಗೆ ಕನ್ನಡ ಶಾಲೆ, ಆಮೇಲೆ ಯಾವುದೋ ಸಂಘದ ಸ್ಕಾಲರ್‌ಶಿಪ್. ನನ್ನದು ಕಾನ್ವೆಂಟ್. ನನ್ನ ಇಂಗ್ಲಿಷ್ ಕೇಳಿ ಪ್ರೊಫೆಸರರು ಇಂಟರ್‌ವ್ಯೂನಲ್ಲೇ ಕನ್ನಡಕ ತೆಗೆದು ನನ್ನನ್ನು ನೋಡಿದ್ದರು. ಅವಳ ಇಂಗ್ಲಿಷ್ ಕೇಳಿದಾಗ ಕನ್ನಡಕ ಮೂಗಿನ ಮೇಲೆಯೇ ಇತ್ತು. ಇದನ್ನು ನಾನು ಗಮನಿಸಿದ್ದೆ, ಮರೆತಿರಲಿಲ್ಲ.

ಆಗಸ್ಟ್ ಕೊನೆಗೆ ಯೂನಿವರ್ಸಿಟಿ ಕಮಿಟಿ ಬರುವುದಿತ್ತು. ಅವರು ಒಪ್ಪಿದರೆ ಕಾಲೇಜಿಗೆ ಫಿಸಿಕ್ಸ್ ಬಿ.ಎಸ್ಸಿ., ಜೊತೆಗೆ ಒಂದು ಪರ್ಮನೆಂಟ್ ಡೆಮಾನ್‌ಸ್ಟ್ರೇಟರ್ ಹುದ್ದೆ. ಒಂದೇ ಹುದ್ದೆ. ಮನೆಯಲ್ಲಿ ಅಪ್ಪ ಅದಾಗಲೇ ಹೇಳಿಬಿಟ್ಟಿದ್ದರು: "ಪರ್ಮನೆಂಟ್ ಆತಂದ್ರ ಮಾಡ್ಕೋತ ಇರು, ನಾ ಏನೂ ಅನ್ನಂಗಿಲ್ಲ. ಇಲ್ಲಂದ್ರ ದೀಪಾವಳಿಗೆ ಬೆಳಗಾವಿ ಮಂದಿಗೆ ಹೂಂ ಅಂತ ಪತ್ರಾ ಬರೀತೀನಿ." ಬೆಳಗಾವಿ ಮಂದಿಯ ಹುಡುಗನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಹೀಗಾಗಿ ಆ ಒಂದು ಹುದ್ದೆ ನನಗೆ ಎಷ್ಟು ಬೇಕಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗೆ ಎಷ್ಟು ಬೇಕಿತ್ತು ಎಂದು ನಾನು ಕೇಳಲೇ ಇಲ್ಲ.

ಪ್ರೊಫೆಸರರು ಕೆಲಸ ಹಂಚಿದರು. ಎರಡು ಚಾರ್ಜುಗಳ ನಡುವಿನ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬುದನ್ನು ಕಮಿಟಿಯ ಕಣ್ಣೆದುರು ಅಳೆದು ತೋರಿಸುವುದು ನನ್ನ ಪಾಲು. ಅಳೆಯುವ ಕೆಲಸ, ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ. ಅವಳಿಗೆ ಕೊಟ್ಟದ್ದು ರವೆ. ಹರಳೆಣ್ಣೆ ತುಂಬಿದ ಗಾಜಿನ ತಟ್ಟೆಯಲ್ಲಿ ಸಣ್ಣ ರವೆ ಉದುರಿಸಿ, ಎರಡು ತಂತಿಗಳಿಗೆ ಚಾರ್ಜ್ ಕೊಟ್ಟರೆ ರವೆಯ ಕಾಳುಗಳು ಒಂದರ ಬಾಲ ಒಂದು ಹಿಡಿದು ಸಾಲಾಗಿ ನಿಲ್ಲುತ್ತವೆ, ಎಲೆಕ್ಟ್ರಿಕ್ ಫೀಲ್ಡ್ ಯಾವ ದಾರಿಯಲ್ಲಿ ಹರಡಿದೆ ಎಂದು ಕಣ್ಣಿಗೆ ಕಾಣುತ್ತದೆ. "ಹೋಟೆಲಿನವಳಿಗೆ ರವೆ," ಎಂದು ನಾನು ಮನೆಯಲ್ಲಿ ಹೇಳಿ ಅವ್ವನನ್ನು ನಗಿಸಿದೆ.

ನನ್ನ ಏರ್ಪಾಡು ಹೀಗಿತ್ತು. ಗಾಜಿನ ಮುಂಬದಿಯ ಮರದ ಪೆಟ್ಟಿಗೆ. ಒಳಗೆ ಎರಡು ರೇಷ್ಮೆ ಎಳೆಗಳಿಂದ ತೂಗುಬಿಟ್ಟ ಬೆಂಡಿನ ಪುಟ್ಟ ಗುಂಡು, ಮೇಲೆ ಬೆಳ್ಳಿ ಬಣ್ಣ. ಅಂಥದ್ದೇ ಇನ್ನೊಂದು ಗುಂಡು ಗಾಜಿನ ಕೋಲಿನ ತುದಿಯಲ್ಲಿ. ಎರಡಕ್ಕೂ ಒಂದೇ ಬಗೆಯ ಚಾರ್ಜ್ ಕೊಟ್ಟು, ಕೋಲಿನ ಗುಂಡನ್ನು ಹತ್ತಿರ ತಂದರೆ ತೂಗುವ ಗುಂಡು ಹಿಂದೆ ಸರಿಯುತ್ತದೆ. ಹಿಂದಿನಿಂದ ದೀಪ ಹಾಕಿದರೆ ಗುಂಡಿನ ನೆರಳು ಗ್ರಾಫ್ ಕಾಗದದ ಮೇಲೆ ಬೀಳುತ್ತದೆ. ನೆರಳು ಎಷ್ಟು ಮನೆ ಸರಿಯಿತೋ ಬಲ ಅಷ್ಟು. ದೂರವನ್ನು ಅರ್ಧಕ್ಕೆ ಇಳಿಸಿದರೆ ನೆರಳು ನಾಲ್ಕು ಪಟ್ಟು ಸರಿಯಬೇಕು. ಪುಸ್ತಕದಲ್ಲಿ ಹಾಗಿದೆ.

ನನಗೆ ಎರಡೂವರೆ ಬಂತು. ಮರುದಿನ ಎರಡು. ಮೂರನೆಯ ದಿನ ಗುಂಡು ಮೊದಲು ಸ್ವಲ್ಪ ಹೆದರಿದಂತೆ ಹಿಂದೆ ಸರಿದು, ನಾನು ಪೆನ್ಸಿಲ್ ಎತ್ತಿಕೊಳ್ಳುವಷ್ಟರಲ್ಲಿ ಮೆಲ್ಲಗೆ ಮರಳಿ ನೆಟ್ಟಗೆ ನಿಂತಿತು. ಚಾರ್ಜ್ ಎಲ್ಲಿಂದಲೋ ಸೋರಿಹೋಗುತ್ತಿತ್ತು. ಮೊದಲ ಅಳತೆಗೂ ಎರಡನೆಯ ಅಳತೆಗೂ ನಡುವೆ ಅರ್ಧಕ್ಕರ್ಧ ಮಾಯ.

ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದ ಒಂದು ಪಾಠ: ಕೆಲಸ ಕೆಟ್ಟರೆ ಮೊದಲು ಕೊಳೆಯನ್ನು ದೂರು. ಸಿಸ್ಟರ್‌ಗಳು ನಮ್ಮ ಉಗುರು ನೋಡಿದ ಮೇಲೆಯೇ ಕ್ಲಾಸಿನೊಳಗೆ ಬಿಡುತ್ತಿದ್ದರು. ಹಾಗಾಗಿ ನಾನು ದಿನಾ ಬೆಳಿಗ್ಗೆ ಗಾಜಿನ ಕೋಲು, ಯಂತ್ರದ ತಟ್ಟೆ, ಸ್ಟ್ಯಾಂಡು, ಎಲ್ಲವನ್ನೂ ಸೋಪು ಹಾಕಿ ತೊಳೆದು, ಗಂಜಿ ಹಾಕಿದ ನನ್ನ ಬಿಳಿ ಕರ್ಚೀಫಿನಿಂದ ಫಳಫಳ ಹೊಳೆಯುವಂತೆ ಒರೆಸುತ್ತಿದ್ದೆ. ಎಷ್ಟು ಹೊಳೆದರೂ ಗುಂಡು ಸರಿದ ಜಾಗದಲ್ಲಿ ನಿಲ್ಲಲಿಲ್ಲ. ಮತ್ತೆ ತೊಳೆದೆ.

ಒಂದು ವಾರ ಹೀಗೆ ಕಳೆದ ಮೇಲೆ ಪ್ರೊಫೆಸರರು ನನ್ನ ನೋಟ್‌ಬುಕ್ ತಿರುವಿ, ಅವಳ ಕಡೆ ತಿರುಗಿ, "ನೀವೂ ಒಮ್ಮೆ ಟ್ರೈ ಮಾಡಿ" ಎಂದರು. ಉಳಿದಿದ್ದ ಹಳೆಯ ಪೆಟ್ಟಿಗೆಯನ್ನು ಅವಳ ಟೇಬಲ್ಲಿಗೆ ಇಡಿಸಿದರು. ಎರಡು ದಿನಕ್ಕೆ ಅವಳಿಗೆ ಮೂರೂವರೆ ಬಂತು. ನಾಲ್ಕನೆಯ ದಿನ ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ. ಅವಳು ಅದನ್ನು ಜೋರಾಗಿ ಹೇಳಲೂ ಇಲ್ಲ. ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ತನ್ನ ಡಬ್ಬಿ ತೆಗೆದು ಅವಲಕ್ಕಿ ತಿನ್ನತೊಡಗಿದಳು. "ತಗೊಳ್ಳಿ, ಎಂತ ನಾಚಿಕೆ?" ಎಂದು ಡಬ್ಬಿ ನನ್ನ ಕಡೆ ನೂಕಿದಳು. ಹಸಿವಿಲ್ಲ ಎಂದೆ.

ಅವಳ ಗುಂಡಿನಲ್ಲೋ ಕೋಲಿನಲ್ಲೋ ಏನೋ ವಿಶೇಷ ಇರಬೇಕು ಎನಿಸಿತು. ಆ ಸಂಜೆ ಅವಳು ಹೋದ ಮೇಲೆ ನಾನು ಮಾಡಿದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವಳ ಪೆಟ್ಟಿಗೆಯ ಗಾಜಿನ ಕೋಲನ್ನು ತೆಗೆದು ನನ್ನದಕ್ಕೆ ಹಾಕಿಕೊಂಡು, ನನ್ನದನ್ನು ಅಲ್ಲಿಟ್ಟೆ. ನೋಡಲಿಕ್ಕೆ ಎರಡೂ ಒಂದೇ. ಮರುದಿನ ಅವಳ ಕೋಲಿನಿಂದ ನನಗೆ ಬಂದದ್ದು ಎರಡು. ನನ್ನ ಕೋಲಿನಿಂದ ಅವಳಿಗೆ ಮಧ್ಯಾಹ್ನದೊಳಗೆ ಮೂರು ಮುಕ್ಕಾಲು.

ಆಮೇಲೆಯೇ ನಾನು ಬೇಗ ಬಂದು ನೋಡಬೇಕೆಂದುಕೊಂಡದ್ದು. ಏಳು ಗಂಟೆಗೆಲ್ಲ ಹೋದೆ. ಜಿಟಿಜಿಟಿ ಮಳೆ. ಲ್ಯಾಬಿನಲ್ಲಿ ಅವಳು ಪ್ಯೂನ್ ಕಾಕಾನ ಚಹಾದ ಶೇಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಿಗಿನಿಗಿ ಇದ್ದಿಲು. ಅದರಿಂದ ಒಂದು ಮೊಳ ಮೇಲೆ ಗಾಜಿನ ಕೋಲನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಳು. ಕೈಗೂ ಕೋಲಿಗೂ ನಡುವೆ ಒಂದು ತುಂಡು ಬಟ್ಟೆ, ಹಳೆಯ ಕೆಂಪು ಪಟ್ಟೆ, ಎಂದರೆ ಅಡುಗೆಯವರು ಮಡಿಗೆ ಉಡುವ ರೇಷ್ಮೆಯ ಹರಿದ ಅಂಚು. ಕಾಕಾ ಬಾಗಿಲಲ್ಲಿ ನಿಂತು ತನ್ನ ಚಹಾಕ್ಕಾಗಿ ಮರಾಠಿಯಲ್ಲಿ ಗೊಣಗುತ್ತಿದ್ದ: "ಬಾಯಿ, ಮಾಝಾ ಚಹಾ!"

"ಎರಡೇ ನಿಮಿಷ ಕಾಕಾ. ತಡವಾದರೆ ನಿಮ್ಮ ಚಹಾದ ಚಾರ್ಜ್ ಹೋಗುವುದಿಲ್ಲ, ಇದರದ್ದು ಹೋಗ್ತದೆ," ಎಂದಳು ಕನ್ನಡದಲ್ಲಿಯೇ. ಅವನಿಗೆ ಏನು ತಿಳಿಯಿತೋ, ನಕ್ಕ.

ನಾನು ಹತ್ತಿರ ಹೋಗಿ ಕೋಲಿಗೆ ಕೈ ಚಾಚಿದೆ.

"ಮುಟ್ಟಬೇಡಿ! ಅದು ಮಡಿಯಲ್ಲಿ ಉಂಟು."

"ಎಂಥಾ ಮಡಿ? ಇದೇನು ಅಡುಗೆಮನೆಯೇ?"

"ನಗಬೇಡಿ. ನೀವು ಕೈಯಲ್ಲಿ ಮುಟ್ಟಿದರೆ ಬೆವರು ಹತ್ತುತ್ತದೆ. ನಿಮ್ಮ ಜಡೆಯ ಎಣ್ಣೆ ಬೇರೆ. ಆ ಬೆವರಿನ ಮೇಲೆ ಹವೆಯ ನೀರು ಕೂತುಕೊಳ್ಳುತ್ತದೆ, ಚಾರ್ಜ್ ಅದರ ಮೇಲಿಂದ ಇಳಿದು ಹೋಗುತ್ತದೆ. ಹಪ್ಪಳ ಮೆತ್ತಗಾಗುವುದಿಲ್ಲವಾ ಮಳೆಗಾಲದಲ್ಲಿ? ಅಪ್ಪಯ್ಯ ಹಪ್ಪಳದ ಡಬ್ಬಿ ಒಲೆಯ ಹತ್ತಿರವೇ ಇಡುವುದು. ಗಾಜು ಕೂಡ ಹಾಗೇ." ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ಸಂಕೋಚದಿಂದ, "ನೀವು ಸೋಪು ಹಾಕಿ ತೊಳೆಯುವುದು ಬೇಡ. ಹೇಳಬೇಕು ಅಂತ ಇದ್ದೆ. ನೀವು ಎಂತ ಅಂದುಕೊಳ್ಳುತ್ತೀರೋ ಅಂತ..."

ಎದ್ದು, ಶೇಗಡಿಯನ್ನು ಇಕ್ಕಳದಿಂದ ಎತ್ತಿ ವರಾಂಡಕ್ಕೆ ಇಟ್ಟು, ಬಾಗಿಲು ಹಾಕಿ, ಐದು ನಿಮಿಷ ಬಿಟ್ಟು ಆಮೇಲೆ ಚಾರ್ಜ್ ಕೊಟ್ಟಳು. ಬೆಂಕಿಯ ಹತ್ತಿರದ ಗಾಳಿ ಚಾರ್ಜನ್ನು ಕಸಿದುಕೊಳ್ಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಎಲ್ಲವೂ ಸರಿ. ಎಲ್ಲವೂ ಫಿಸಿಕ್ಸೇ. ನನ್ನ ತಪ್ಪು ನನ್ನ ಶುಭ್ರತೆಯಲ್ಲಿತ್ತು. ನಾನು ಫಳಫಳ ಹೊಳೆಯಿಸಿದ ಗಾಜಿನ ಮೇಲೆ ಸೋಪಿನ ತೆಳ್ಳನೆಯ ಪೊರೆ ಕೂತು, ಅದರ ಮೇಲೆ ಮಾಹಿಮಿನ ತೇವ ಕೂತು, ಚಾರ್ಜಿಗೆ ರಾಜಮಾರ್ಗ ಮಾಡಿಕೊಟ್ಟಿತ್ತು.

ಇದನ್ನು ಕೇಳಿ ನಾನು ಥ್ಯಾಂಕ್ಸ್ ಎನ್ನಬಹುದಿತ್ತು. ನಾನೂ ಒಂದು ಶೇಗಡಿ ತರಿಸಬಹುದಿತ್ತು. ಆದರೆ ಒಬ್ಬಳು ಭಟ್ಟರ ಮಗಳು ನನಗೆ ಹಪ್ಪಳದ ಉದಾಹರಣೆ ಕೊಟ್ಟು ಎಲೆಕ್ಟ್ರೋಸ್ಟ್ಯಾಟಿಕ್ಸ್ ಕಲಿಸಿದ್ದು ಒಳಗೆ ಕುಟುಕುತ್ತಿತ್ತು. ಹನ್ನೊಂದು ಗಂಟೆಗೆ ಪ್ರೊಫೆಸರರ ಕೋಣೆಗೆ ಹೋದೆ. ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿದೆ: ಲ್ಯಾಬಿನಲ್ಲಿ ಇದ್ದಿಲಿನ ಬೆಂಕಿ ಉರಿಸಲಾಗುತ್ತಿದೆ, ಸರ್. ಬೆಂಕಿಯ ಹತ್ತಿರ ಚಾರ್ಜ್ ಉಳಿಯುವುದಿಲ್ಲ ಎನ್ನುವುದು ಮೊದಲ ವರ್ಷದ ಪಾಠ, ಕಮಿಟಿಯವರು ಕಂಡರೆ ಏನೆಂದಾರು?

ಒಂದೊಂದು ಮಾತೂ ನಿಜ. ಶೇಗಡಿಯನ್ನು ಮೊದಲೇ ಹೊರಗಿಡುತ್ತಾಳೆ ಎಂಬ ಒಂದು ವಾಕ್ಯವನ್ನು ಮಾತ್ರ ನಾನು ನುಂಗಿದೆ.

ಮಧ್ಯಾಹ್ನವೇ ಆರ್ಡರ್ ಬಂತು: ಲ್ಯಾಬಿನೊಳಗೆ ಬೆಂಕಿ ಕೂಡದು. ಕಾಕಾ ತನ್ನ ಶೇಗಡಿಯನ್ನು ಅಪ್ಪಿಕೊಂಡಂತೆ ಎತ್ತಿಕೊಂಡು ಗೇಟಿನ ಹತ್ತಿರದ ಶೆಡ್ಡಿಗೆ ಹೋದ. ಅಂದಿನಿಂದ ಅವಳ ಗುಂಡೂ ನಿಲ್ಲಲಿಲ್ಲ. ಮೂರು, ಎರಡೂವರೆ, ಎರಡು. ಎರಡು ದಿನ ನನಗೆ ಅನ್ನ ರುಚಿಸಿತು, ನಿದ್ದೆ ಬಂತು. ಮೂರನೆಯ ದಿನ ಪ್ರೊಫೆಸರರು ನಮ್ಮಿಬ್ಬರ ನಡುವೆ ನಿಂತು, ನೆಟ್ಟಗೆ ತೂಗುತ್ತಿದ್ದ ಎರಡು ಗುಂಡುಗಳನ್ನು ಬಹಳ ಹೊತ್ತು ನೋಡಿ, ಇಂಗ್ಲಿಷಿನಲ್ಲಿ ಮೆಲ್ಲಗೆ, "ಇದು ಹೀಗೇ ಇದ್ದರೆ ನಾನು ಕಮಿಟಿಗೆ ಬೇರೆ ಏನಾದರೂ ತೋರಿಸಬೇಕು. ಆಗ ಎಲೆಕ್ಟ್ರಿಸಿಟಿಗೆ ಈ ವರ್ಷ ಡೆಮಾನ್‌ಸ್ಟ್ರೇಟರ್ ಯಾಕೆ ಬೇಕು ಎಂದು ಅವರು ಕೇಳುತ್ತಾರೆ," ಎಂದರು.

ಆ ಸಂಜೆ ಅವ್ವ ಬಾಗಿಲು ತೆಗೆದವಳೇ, "ಯಾಕವಾ, ಮಾರಿ ಹಿಂಗ್ಯಾಕ ಮಾಡೀದಿ? ಯಾರರೆ ಏನರೆ ಅಂದ್ರೇನು?" ಎಂದಳು.

"ಯಾರೂ ಏನೂ ಅಂದಿಲ್ಲ."

"ಮತ್ತ?"

"ನಾನಽ ಅಂದೀನಿ," ಎಂದೆ. ಅವ್ವನಿಗೆ ತಿಳಿಯಲಿಲ್ಲ. ಒಳಗಿನಿಂದ ಅಪ್ಪ ಬೆಳಗಾವಿಯ ಪತ್ರ ಬಂದಿದೆ ಎಂದರು.

ಕಮಿಟಿ ಬರಲು ನಾಲ್ಕು ದಿನವಿತ್ತು. ಮರುದಿನ ನಾನು ಮತ್ತೆ ಪ್ರೊಫೆಸರರ ಕೋಣೆಗೆ ಹೋದೆ. ಒಳ್ಳೆಯತನದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಗುಂಡು ನಿಲ್ಲದಿದ್ದರೆ ಹುದ್ದೆಯೇ ಇಲ್ಲ, ಅದಕ್ಕೆ ಹೋದೆ. ಗಾಜಿನ ಮೇಲಿನ ತೇವದ ಪೊರೆ, ಅದನ್ನು ಮೊದಲೇ ಕಾಯಿಸಿ ಒಣಗಿಸುವುದು, ಆಮೇಲೆ ಬೆಂಕಿಯನ್ನು ಹೊರಗಿಡುವುದು, ಕೈ ತಾಕದಂತೆ ರೇಷ್ಮೆಯಿಂದ ಹಿಡಿಯುವುದು, ಎಲ್ಲವನ್ನೂ ಒಂದಾದ ಮೇಲೊಂದು ವಿವರಿಸಿದೆ. ಅವಳ ಹಪ್ಪಳ ನನ್ನ ಬಾಯಲ್ಲಿ 'ಸರ್ಫೇಸ್ ಲೀಕೇಜ್' ಆಯಿತು. ಅವಳ ಮಡಿ 'ಕ್ಲೀನ್ ಹ್ಯಾಂಡ್ಲಿಂಗ್' ಆಯಿತು. ಪ್ರೊಫೆಸರರು ಕನ್ನಡಕ ತೆಗೆದರು.

"ಎಕ್ಸೆಲೆಂಟ್. ನೀವು ಯೋಚಿಸಿದ್ದೇ?"

"ಬಹಳ ದಿನದಿಂದ ಅಬ್ಸರ್ವ್ ಮಾಡುತ್ತಿದ್ದೆ, ಸರ್," ಎಂದೆ. ಅದೂ ನಿಜವೇ.

ಶೇಗಡಿ ಮರಳಿ ಬಂತು. ನಾನು ಅವಳಿಗೆ, "ಪರ್ಮಿಶನ್ ತಗೊಂಡು ಬಂದೆ" ಎಂದೆ. ಅವಳ ಮುಖ ಅರಳಿದ್ದು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. "ನೀವು ಒಳ್ಳೆಯವರು ಮಾರಾಯ್ತಿ. ಯಾರೋ ಚಾಡಿ ಹೇಳಿದ್ದಾರೆ ಅಂತ ಕಾಕಾ ಹೇಳ್ತಿದ್ದ. ನಾನು ಸುಮ್ಮನೆ ಎಂತೆಂತದೋ ಯೋಚನೆ ಮಾಡಿದೆ," ಎಂದಳು.

ಉಳಿದ ಮೂರು ದಿನ ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಕೆಲಸ ಮಾಡಿದೆವು. ಎರಡೂ ಏರ್ಪಾಡುಗಳಿಗೆ ಸಾಲುವಷ್ಟು ಕಾವು ಶೇಗಡಿಯಲ್ಲಿರಲಿಲ್ಲ. ನಾನೂ ಆ ಪಟ್ಟೆಯ ತುಂಡು ಹಿಡಿದು ಕೋಲು ಕಾಯಿಸಿ ನೋಡಿದೆ. ನನಗೆ ಮೂರು ಬಂದರೆ ಅವಳಿಗೆ ನಾಲ್ಕು. ಕೋಲು ಹದವಾದದ್ದು ಅವಳಿಗೆ ಅಂಗೈಯ ಹಿಂಬದಿಗೆ ತಿಳಿಯುತ್ತಿತ್ತು, ದೋಸೆಕಾವಲಿ ಕಾದದ್ದು ತಿಳಿದ ಹಾಗೆ. ವಿಧಾನವನ್ನು ನಾನು ಕದ್ದಿದ್ದೆ. ಆ ಕೈಯನ್ನು ಕದಿಯುವುದು ಹೇಗೆ?

ಕಮಿಟಿಯ ದಿನ ಸುರಿಮಳೆ. ಮೂವರು ಬಂದರು, ಕೊಡೆಗಳಿಂದ ನೀರು ಸೋರುತ್ತಿತ್ತು. ಮೊದಲು ಅವಳ ರವೆ. ಹರಳೆಣ್ಣೆಯಲ್ಲಿ ಎರಡು ಬೇರೆ ಬಗೆಯ ಚಾರ್ಜುಗಳ ನಡುವೆ ರವೆ ಬಿಲ್ಲಿನಂತೆ ಬಾಗಿ ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿತು. ಎರಡಕ್ಕೂ ಒಂದೇ ಬಗೆಯ ಚಾರ್ಜ್ ಕೊಟ್ಟಾಗ ಸಾಲುಗಳು ಪರಸ್ಪರ ಮುಖ ತಿರುಗಿಸಿಕೊಂಡು ಆಚೀಚೆ ಬಾಗಿದವು. ಸರಿಯಾಗಿ ನಡುವೆ ನಾಲ್ಕಾರು ಕಾಳುಗಳು ಯಾವ ದಿಕ್ಕೂ ಇಲ್ಲದೆ ಸುಮ್ಮನೆ ತೇಲಿದವು.

ಆಮೇಲೆ ಪೆಟ್ಟಿಗೆ. ನಾನು ಮುಂದೆ ನಿಂತು ವಿವರಿಸಿದೆ. ಅವಳು ಹಿಂದೆ ನಿಂತು ಕೋಲು ಹಿಡಿದಳು. ನೆರಳು ಸರಿಯಿತು, ನಿಂತಿತು. ದೂರ ಅರ್ಧಕ್ಕೆ ಬಂತು. ನೆರಳು ನಾಲ್ಕು ಪಟ್ಟಿನ ಗೆರೆಯ ಹತ್ತಿರ ಹೋಗಿ ಅಲ್ಲೇ ಉಳಿಯಿತು. ಕಮಿಟಿಯ ಹಿರಿಯರು, ತಲೆಯೆಲ್ಲ ಬೆಳ್ಳಗಾದವರು, ಹತ್ತಿರ ಬಗ್ಗಿ, "ಚಾರ್ಜನ್ನೇ ಅರ್ಧ ಮಾಡಿದರೆ?" ಎಂದರು. ನಾನು ಉತ್ತರ ಶುರು ಮಾಡುವ ಮೊದಲೇ ಅವಳು ಚಾರ್ಜಿಲ್ಲದ, ಅಷ್ಟೇ ಗಾತ್ರದ ಇನ್ನೊಂದು ಗುಂಡನ್ನು ಕೋಲಿನ ಗುಂಡಿಗೆ ತಾಗಿಸಿ ತೆಗೆದಳು. ಸಮ ಗಾತ್ರದವು ಮುಟ್ಟಿದರೆ ಇದ್ದದ್ದನ್ನು ಸಮನಾಗಿ ಹಂಚಿಕೊಳ್ಳುತ್ತವೆ. ದೂರವನ್ನು ಮತ್ತೆ ಮೊದಲಿನಷ್ಟೇ ಇಟ್ಟಳು. ನೆರಳು ಅರ್ಧಕ್ಕೆ ಇಳಿದು ನಿಂತಿತು.

"ಬಾಂಬೆಯ ಮಾನ್ಸೂನಿನಲ್ಲಿ ನಾನು ಇದನ್ನು ನೋಡಿಯೇ ಇಲ್ಲ," ಎಂದರು ಆ ಹಿರಿಯರು. "ಯಾರ ಟೆಕ್ನಿಕ್?"

ಪ್ರೊಫೆಸರರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು.

ಅವಳು ಕೋಲು ಹಿಡಿದುಕೊಂಡೇ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಈಗ ನಾನು ಏನೋ ಹೇಳುತ್ತೇನೆ ಎಂದು ಕಾಯುವವಳ ಹಾಗೆ, ಸ್ವಲ್ಪ ನಗುತ್ತ ಕೂಡ. ಒಂದೇ ಮಾತು ಸಾಕಿತ್ತು, ಒಂದು ಹೆಸರು. ಲ್ಯಾಬಿನ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು.

"ಥ್ಯಾಂಕ್ ಯೂ, ಸರ್," ಎಂದೆ.

ಗುಂಡು ಇನ್ನೂ ಹಾಗೇ ಹಿಂದೆ ಸರಿದು ನಿಂತಿತ್ತು. ಅವಳ ಕೈ ಅಲುಗಲಿಲ್ಲ.

ಸಾಮಾನು ಎತ್ತಿಡುವಾಗ ಹರಳೆಣ್ಣೆಯ ತಟ್ಟೆ ಒರೆಸುತ್ತ, ನನ್ನ ಕಡೆ ನೋಡದೆ, "ನಿಮ್ಮ ಇಂಗ್ಲಿಷ್ ಭಾರಿ ಚಂದ," ಎಂದಳು. "ನನ್ನ ಹೆಸರು ಹೇಳ್ಲಿಕ್ಕೆ ಇಂಗ್ಲಿಷಿನಲ್ಲಿ ಅಷ್ಟು ಕಷ್ಟವಾ, ಮಾರಾಯ್ತಿ?"

ಇಷ್ಟು ಪುಟ ಬರೆದೆ, ಈಗಲೂ ಆ ಹೆಸರು ಬರೆದಿಲ್ಲ, ನೋಡಿ.

ಹುದ್ದೆ ನನಗೆ ಸಿಕ್ಕಿತು. ಬೆಳಗಾವಿಗೆ ಅಪ್ಪ ಬೇರೆ ಪತ್ರ ಬರೆದರು. ಅವಳ ಟೆಂಪರರಿ ಅವಧಿ ಅಕ್ಟೋಬರಿಗೆ ಮುಗಿಯಿತು. ಕೊನೆಯ ದಿನ ಅವಳು ಆ ಕೆಂಪು ಪಟ್ಟೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ನನ್ನ ಟೇಬಲ್ಲಿನ ಮೇಲಿಟ್ಟು, "ಮುಂದಿನ ಮಳೆಗಾಲಕ್ಕೆ ಬೇಕಾಗ್ತದೆ. ನೀರಿಗೆ ಮಾತ್ರ ಹಾಕಬೇಡಿ," ಎಂದಳು. ಅವಳು ಹೋದ ಮೇಲೆ ಮೂಸಿ ನೋಡಿದೆ. ಒಗ್ಗರಣೆಯ ವಾಸನೆ, ಹೊಗೆಯ ವಾಸನೆ. ಅವಳದೇ ವಾಸನೆ. ಅದೇ ಸಂಜೆ ಮನೆಯಲ್ಲಿ ಸೋಪು ಹಾಕಿ ತೊಳೆದೆ, ಎರಡು ಸಲ. ಮುಂದಿನ ಮಳೆಗಾಲದಲ್ಲಿ ಅದರಿಂದ ಹಿಡಿದ ಕೋಲಿಗೆ ಎರಡೂವರೆಗಿಂತ ಹೆಚ್ಚು ಬರಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಮೂರು ನಾಲ್ಕು ವರ್ಷದ ಮೇಲೆ, ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ. ನಾನು ಲೇಡೀಸ್ ಡಬ್ಬಿಯ ಕಿಟಕಿಯಲ್ಲಿದ್ದೆ. ಅವಳು ಪ್ಲಾಟ್‌ಫಾರ್ಮಿನ ಮೇಲೆ, ಸುತ್ತ ಹತ್ತು ಹನ್ನೆರಡು ಶಾಲೆಯ ಹುಡುಗಿಯರು. ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ ಎಂದು ಕೇಳಿದ್ದೆ. ಒಂದು ಬಾಚಣಿಗೆಯನ್ನು ಒಬ್ಬ ಹುಡುಗಿಯ ಒಣಗೂದಲಿಗೆ ತಿಕ್ಕಿ, ಹರಿದ ಟಿಕೆಟಿನ ಚೂರುಗಳ ಮೇಲೆ ಹಿಡಿದಳು. ಚೂರುಗಳು ಹಾರಿ ಅಂಟಿಕೊಂಡವು. ಹುಡುಗಿಯರು ಕಿರುಚಿದರು. ನನ್ನ ಲ್ಯಾಬಿನಲ್ಲಿ ಯಾರೂ ಹಾಗೆ ಕಿರುಚಿರಲಿಲ್ಲ.

ತಲೆ ಎತ್ತಿದವಳು ನನ್ನನ್ನು ಕಂಡಳು. ಗಾಡಿ ಹೊರಟಿತ್ತು. ಅವಳು ಬಾಚಣಿಗೆ ಎತ್ತಿ ಹಿಡಿದು, ಗದ್ದಲದ ಮೇಲೆ ಕೂಗಿದಳು:

"ಆ ಬಟ್ಟೆ ಉಂಟಾ ಇನ್ನೂ?"

"ಉಂಟು!" ಎಂದೆ, ಅವಳದೇ ಮಾತಿನಲ್ಲಿ.

"ತೊಳೆಯಲಿಲ್ಲ ಅಲ್ವಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ನಕ್ಕು ಹುಡುಗಿಯರ ಕಡೆ ತಿರುಗಿದಳು. ಮಾಹಿಮ್ ಬರುವವರೆಗೂ ನಾನು ಕಿಟಕಿಯ ಸರಳಿನಿಂದ ಕೈ ತೆಗೆಯಲಿಲ್ಲ.